ಚಕ್ರ, ಜೋಡಣೆ, ಬಾನೆಟ್: ವೇಗದ ಕಾರಿನ ಭೌತವಿಜ್ಞಾನ

ಒಂದು ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ರಸ್ತೆಗೂ ಅದಕ್ಕೂ ಇರುವ ಸಂಪರ್ಕ ಎಷ್ಟು ದೊಡ್ಡದೆಂದು ನೀವು ಲೆಕ್ಕ ಹಾಕಿದ್ದೀರಾ? ಲೆಕ್ಕ ಬಹಳ ಸುಲಭ. ಒಟ್ಟು ಭಾರ ಸುಮಾರು 10,000 ನ್ಯೂಟನ್. ನಾಲ್ಕು ಚಕ್ರಗಳಿಗೆ ಹಂಚಿದರೆ ಒಂದೊಂದಕ್ಕೆ 2,500 ನ್ಯೂಟನ್. ಟೈರಿನೊಳಗಿನ ಗಾಳಿಯ ಒತ್ತಡ 180 ಕಿಲೋಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಬಲವನ್ನು ಒತ್ತಡದಿಂದ ಭಾಗಿಸಿದರೆ ಸಿಗುವ ವಿಸ್ತೀರ್ಣ ಸುಮಾರು 140 ಚದರ ಸೆಂಟಿಮೀಟರ್. ಇದು ನಿಮ್ಮ ಅಂಗೈ ಅಗಲಕ್ಕಿಂತ ಹೆಚ್ಚೇನೂ ಇಲ್ಲ! ಕಾರನ್ನು ಮುಂದಕ್ಕೆ ತಳ್ಳುವ ಬಲ, ನಿಲ್ಲಿಸುವ ಬಲ, ತಿರುವಿನಲ್ಲಿ ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲ, ಎಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ಬರಬೇಕು.

ಇದೇ ಲೆಕ್ಕ ಇನ್ನೊಂದು ಸ್ವಾರಸ್ಯವನ್ನೂ ಹೇಳುತ್ತದೆ. ಅಗಲವಾದ ಟೈರು ಹಾಕಿದರೆ ರಸ್ತೆಗೆ ತಗಲುವ ವಿಸ್ತೀರ್ಣ ಹೆಚ್ಚುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಭಾರವೂ ಗಾಳಿಯ ಒತ್ತಡವೂ ಬದಲಾಗದಿದ್ದರೆ ವಿಸ್ತೀರ್ಣವೂ ಹೆಚ್ಚುಕಡಿಮೆ ಬದಲಾಗದು. ಬದಲಾಗುವುದು ಆಕಾರ. ಉದ್ದವಾಗಿದ್ದ ಅಂಗೈ ಗಿಡ್ಡವಾಗಿ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ತಿರುವಿನಲ್ಲಿ ಇಂಥ ಆಕಾರದಿಂದ ಅನುಕೂಲವಿದೆ ನಿಜ, ಆದರೆ ಅದರ ಕಾರಣ ಬೇರೆ.

ಕಾರನ್ನು ಮಾರ್ಪಡಿಸುವ ಹವ್ಯಾಸ ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲೂ ಕಾಣುತ್ತದೆ. ಎಂಜಿನಿಯರಿಂಗ್ ಓದುವವರು ಸ್ಪರ್ಧೆಗಾಗಿ ಪುಟ್ಟ ರೇಸ್ ಕಾರುಗಳನ್ನೇ ಕಟ್ಟುತ್ತಾರೆ. ಅಂಗಡಿಯವರ ಮಾತು, ಜಾಹೀರಾತು, ಗೆಳೆಯರ ಸಲಹೆ ಇವುಗಳ ನಡುವೆ ಪಿಯುಸಿಯಲ್ಲಿ ಕಲಿತ ಭೌತವಿಜ್ಞಾನ ಮರೆತೇಹೋಗುತ್ತದೆ. ಆದ್ದರಿಂದ ಒಂದು ನಿಜವಾದ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮೂರು ಮಾರ್ಪಾಡುಗಳನ್ನು ಪರಿಶೀಲಿಸೋಣ: ಚಕ್ರ, ಚಕ್ರಗಳ ಜೋಡಣೆ, ಮತ್ತು ಬಾನೆಟ್ಟಿನ ಬಿಗಿತ.

ನಮ್ಮ ಉದಾಹರಣೆ ಜಪಾನಿನ ಮಜ್ದಾ ಎಂಎಕ್ಸ್-5. 1989ರ ಫೆಬ್ರವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಎರಡು ಆಸನಗಳ ತೆರೆದ ಕಾರು ಇದು. ಅಮೆರಿಕದಲ್ಲಿ ಇದನ್ನು ಮಿಯಾಟ ಎಂದು ಕರೆಯುತ್ತಾರೆ. 2016ರಲ್ಲಿ ಹತ್ತು ಲಕ್ಷದನೆಯ ಎಂಎಕ್ಸ್-5 ಕಾರ್ಖಾನೆಯಿಂದ ಹೊರಬಂತು. ಮೊದಲ ತಲೆಮಾರಿನ ಕಾರಿಗೆ 1.6 ಲೀಟರಿನ ಎಂಜಿನ್, ಸುಮಾರು 950 ಕೆಜಿ ತೂಕ, ನಾಲ್ಕೂ ಚಕ್ರಗಳಿಗೆ ಜೋಡಿ ವಿಷ್‌ಬೋನ್ ತೂಗುವ್ಯವಸ್ಥೆ, ಅಲ್ಯೂಮಿನಿಯಮ್ ಬಾನೆಟ್. ಅಮೆರಿಕ, ಬ್ರಿಟನ್ನುಗಳ ಹವ್ಯಾಸಿ ರೇಸುಗಾರರು ಅತಿ ಹೆಚ್ಚು ಬಿಚ್ಚಿ ಜೋಡಿಸಿರುವ ಕಾರುಗಳಲ್ಲಿ ಇದೂ ಒಂದು. ಚಾಲಕನನ್ನೂ ಸೇರಿಸಿ ಒಟ್ಟು 1,020 ಕೆಜಿ ಎಂದು ಹಿಡಿಯೋಣ.

ಚಕ್ರದ ಒಂದು ಕೆಜಿಯ ಬೆಲೆ

ಈ ಕಾರು ಕಾರ್ಖಾನೆಯಿಂದ 14 ಅಂಗುಲದ ಚಕ್ರ ಮತ್ತು 185/60 ಆರ್ 14 ಟೈರಿನೊಂದಿಗೆ ಬಂತು. ಈ ಸಂಖ್ಯೆಗಳನ್ನು ಓದುವುದು ಹೇಗೆ? ಟೈರಿನ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 60, ಅಂದರೆ 111 ಮಿಮೀ. ರಿಮ್ಮಿನ ವ್ಯಾಸ 14 ಅಂಗುಲ, ಅಂದರೆ 355.6 ಮಿಮೀ. ಇದಕ್ಕೆ ಎರಡು ಗೋಡೆಗಳನ್ನು ಕೂಡಿದರೆ ಹೊರ ವ್ಯಾಸ 577.6 ಮಿಮೀ. ಈಗ ಯಾರೋ 17 ಅಂಗುಲದ ಚಕ್ರಕ್ಕೆ 205/40 ಟೈರು ಹಾಕಿದರು ಎನ್ನಿ. ಗೋಡೆ 82 ಮಿಮೀ, ಹೊರ ವ್ಯಾಸ 595.8 ಮಿಮೀ. ಅಂದರೆ ವ್ಯಾಸ ಶೇಕಡ 3ಕ್ಕಿಂತ ತುಸು ಹೆಚ್ಚಾಯಿತು. ವೇಗಮಾಪಕ 100 ತೋರಿಸುತ್ತಿದ್ದಾಗ ಮೊದಲು ಎಷ್ಟು ಓಡುತ್ತಿತ್ತೋ ಅದಕ್ಕಿಂತ 3 ಕಿಮೀ ಹೆಚ್ಚು ವೇಗದಲ್ಲಿ ಈಗ ಓಡುತ್ತಿರುತ್ತದೆ. ಎಂಜಿನ್ ಕೊಡುವ ತಿರುಚು ಬಲ ಅದೇ ಆದ್ದರಿಂದ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ಶೇಕಡ 3ರಷ್ಟು ಕುಗ್ಗುತ್ತದೆ. ಬದಲಿಗೆ 195/50 ಆರ್ 15 ಆರಿಸಿದ್ದರೆ ಹೊರ ವ್ಯಾಸ 576 ಮಿಮೀ, ಬಹುತೇಕ ಮೂಲದಷ್ಟೇ. ಈ ಕಾರನ್ನು ಬಲ್ಲವರು 15 ಅಂಗುಲಕ್ಕೇ ನಿಲ್ಲುವುದು ಸುಮ್ಮನೆ ಅಲ್ಲ.

ಈಗ ತೂಕಕ್ಕೆ ಬರೋಣ. ‘ಚಕ್ರದಲ್ಲಿ ಒಂದು ಕೆಜಿ ಇಳಿಸಿದರೆ ಕಾರಿನಲ್ಲಿ ಹತ್ತು ಕೆಜಿ ಇಳಿಸಿದಂತೆ’ ಎಂಬ ಮಾತು ಮೋಟಾರು ಪ್ರಿಯರಲ್ಲಿ ಗಾದೆಯಾಗಿಬಿಟ್ಟಿದೆ. ಕೆಲವರು ನಾಲ್ಕು ಎನ್ನುತ್ತಾರೆ, ಕೆಲವರು ಎಂಟು. ಭೌತವಿಜ್ಞಾನದ ವಿದ್ಯಾರ್ಥಿ ಇದನ್ನು ಎರಡೇ ಸಾಲಿನಲ್ಲಿ ಪರೀಕ್ಷಿಸಬಲ್ಲ. ಉರುಳುವ ಚಕ್ರದ ಚಲನಶಕ್ತಿಗೆ ಎರಡು ಭಾಗ. ಒಂದು, ಮುಂದಕ್ಕೆ ಸಾಗುವ ಭಾಗ: ದ್ರವ್ಯರಾಶಿ ಮತ್ತು ವೇಗದ ವರ್ಗಗಳ ಗುಣಲಬ್ಧದ ಅರ್ಧ. ಇನ್ನೊಂದು, ತಿರುಗುವ ಭಾಗ: ಜಡತ್ವ ಭ್ರಾಮಕ ಮತ್ತು ಕೋನೀಯ ವೇಗದ ವರ್ಗಗಳ ಗುಣಲಬ್ಧದ ಅರ್ಧ. ದ್ರವ್ಯವೆಲ್ಲ ಟೈರಿನ ಅತ್ಯಂತ ಹೊರಗಿನ ಅಂಚಿನಲ್ಲೇ ಇದೆ ಎಂದುಕೊಂಡರೂ ಎರಡನೆಯ ಭಾಗ ಮೊದಲನೆಯದಕ್ಕೆ ಸಮವಾಗುತ್ತದೆ ಅಷ್ಟೆ, ಮೀರುವುದಿಲ್ಲ. ಆದ್ದರಿಂದ ವೇಗೋತ್ಕರ್ಷದ ಮಟ್ಟಿಗೆ ಚಕ್ರದ ಒಂದು ಕೆಜಿ ಹೆಚ್ಚೆಂದರೆ ಎರಡು ಕೆಜಿಗೆ ಸಮ. ಹತ್ತೂ ಅಲ್ಲ, ನಾಲ್ಕೂ ಅಲ್ಲ. ಉಂಗುರ, ತಟ್ಟೆ, ಗೋಲಗಳನ್ನು ಇಳಿಜಾರಿನಲ್ಲಿ ಉರುಳಿಸುವ ಹಳೆಯ ಪ್ರಯೋಗದಲ್ಲಿ ಉಂಗುರವೇ ಕೊನೆಯಲ್ಲಿ ಬರುವುದು ಇದೇ ಕಾರಣದಿಂದ. ಶಿಕ್ಷಕರು ಆ ಪ್ರಯೋಗದ ಬೆನ್ನಿಗೇ ಈ ಗಾದೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು ನೋಡಬಹುದು. ನನ್ನ ತರಗತಿಗಳಲ್ಲಿ ಇದರಷ್ಟು ಜೋರು ಚರ್ಚೆ ಬೇರೆ ಯಾವ ಲೆಕ್ಕಕ್ಕೂ ಆದದ್ದಿಲ್ಲ.

ರಿಮ್ಮಿನಲ್ಲಿರುವ ದ್ರವ್ಯ ಟೈರಿನ ಅಂಚಿಗಿಂತ ಒಳಗಿರುತ್ತದೆ. ನಮ್ಮ 14 ಅಂಗುಲದ ಚಕ್ರದ ಪರಿಭ್ರಮಣ ತ್ರಿಜ್ಯ 15 ಸೆಂಮೀ ಎಂದು ಹಿಡಿದರೆ, ಟೈರಿನ ತ್ರಿಜ್ಯ 28.9 ಸೆಂಮೀ ಆದ್ದರಿಂದ, ಅನುಪಾತದ ವರ್ಗ 0.27. ಅಂದರೆ ಒಂದು ಕೆಜಿ 1.27 ಕೆಜಿಗೆ ಸಮ. ಮೂಲ ಅಲ್ಯೂಮಿನಿಯಮ್ ಚಕ್ರ ಹಗುರಕ್ಕೆ ಹೆಸರಾದದ್ದು, ಸುಮಾರು ಐದೂವರೆ ಕೆಜಿ. ಪರಿಣಾಮದಲ್ಲಿ ಅದು 7 ಕೆಜಿ. ಅದರ ಜಾಗದಲ್ಲಿ ಅಗ್ಗದ ಎರಕದ 17 ಅಂಗುಲದ ಚಕ್ರ ಬಂದರೆ ಅದರ ತೂಕ 9 ಕೆಜಿ ಇರಬಹುದು. ಅಲ್ಲಿ ದ್ರವ್ಯ ಇನ್ನಷ್ಟು ಹೊರಗೆ, ಸುಮಾರು 18.5 ಸೆಂಮೀ ದೂರದಲ್ಲಿದೆ. ಲೆಕ್ಕ ಹಾಕಿದರೆ ಪರಿಣಾಮದಲ್ಲಿ 12.5 ಕೆಜಿ. ನಾಲ್ಕು ಚಕ್ರಗಳಿಗೆ ವ್ಯತ್ಯಾಸ 22 ಕೆಜಿ, ಒಟ್ಟು ತೂಕದ ಶೇಕಡ 2. ಮೇಲೆ ಹೇಳಿದ ಶೇಕಡ 3ರ ನಷ್ಟವನ್ನು ಇದಕ್ಕೆ ಸೇರಿಸಿ. ದುಡ್ಡು ಕೊಟ್ಟು ಕಾರನ್ನು ಶೇಕಡ 5ರಷ್ಟು ನಿಧಾನ ಮಾಡಿಕೊಂಡ ಹಾಗಾಯಿತು!

ಹಾಗಾದರೆ ಹಗುರ ಚಕ್ರದ ಹಿರಿಮೆ ಎಲ್ಲಿದೆ? ಅದು ವೇಗೋತ್ಕರ್ಷದಲ್ಲಿ ಅಷ್ಟಾಗಿ ಇಲ್ಲ, ಚಕ್ರ ನೆಲ ಬಿಡದಿರುವುದರಲ್ಲಿದೆ. ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಕೂತಿದೆ, ಚಕ್ರ ಮಾತ್ರ ಸ್ಪ್ರಿಂಗಿನ ಕೆಳಗೆ. ಚಕ್ರ, ಬ್ರೇಕು, ಹಬ್ ಎಲ್ಲ ಸೇರಿ ಒಂದು ಮೂಲೆಗೆ 30 ಕೆಜಿ ಎಂದುಕೊಳ್ಳಿ. ಈ ದ್ರವ್ಯ ಮೇಲೆ ಸ್ಪ್ರಿಂಗು, ಕೆಳಗೆ ಗಾಳಿ ತುಂಬಿದ ಟೈರು ಎಂಬ ಎರಡು ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿದೆ. ಎರಡೂ ಸೇರಿ ಮೀಟರಿಗೆ 2 ಲಕ್ಷ ನ್ಯೂಟನ್ ಬಿಗಿತವಿದ್ದರೆ ಸಹಜ ಆವರ್ತಾಂಕ ಸೆಕೆಂಡಿಗೆ 13. ಕಾರಿನ ಮೈ ಮಾತ್ರ ಸೆಕೆಂಡಿಗೆ ಒಂದೂವರೆ ಸಲ ತೂಗುತ್ತದೆ. ಉಬ್ಬು ತಗ್ಗು ಬಂದಾಗ ಹಗುರ ಚಕ್ರ ನೆಲವನ್ನು ಚುರುಕಾಗಿ ಹಿಂಬಾಲಿಸುತ್ತದೆ, ಭಾರದ ಚಕ್ರ ನೆಗೆದು ತಡವಾಗಿ ಇಳಿಯುತ್ತದೆ. ನೆಗೆದಿರುವ ಕ್ಷಣದಲ್ಲಿ ಆ ಅಂಗೈ ರಸ್ತೆಯ ಮೇಲಿಲ್ಲ. ಬ್ರೇಕು ಹಾಕಿದರೂ ಅಷ್ಟೆ, ಸ್ಟೀರಿಂಗ್ ತಿರುಗಿಸಿದರೂ ಅಷ್ಟೆ.

ಟೈರಿನ ಗೋಡೆ 111ರಿಂದ 82 ಮಿಮೀಗೆ ಇಳಿದದ್ದೂ ಲೆಕ್ಕಕ್ಕೆ ಬರುತ್ತದೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಶಕ್ತಿಯನ್ನು ಹೀರಲು ಗಾಳಿಯ ದಿಂಬಿಗೆ ಸಿಗುವ ದೂರ ಅಷ್ಟೇ. ನಮ್ಮ ಊರುಗಳ ರಸ್ತೆಗಳನ್ನು ನೆನೆದರೆ ಹೆಚ್ಚಿಗೆ ಹೇಳಬೇಕಿಲ್ಲ. ಇದರ ಜೊತೆಗೆ ದಣಿವಿನ ಪ್ರಶ್ನೆ ಇದೆ. ಚಕ್ರ ಒಂದು ಸುತ್ತು ತಿರುಗಿದಾಗ ಅದರ ಪ್ರತಿಯೊಂದು ಕಡ್ಡಿಯೂ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಬಾಗುತ್ತದೆ. ಕಿಲೋಮೀಟರಿಗೆ ಸುಮಾರು 550 ಸುತ್ತು, 10,000 ಕಿಲೋಮೀಟರಿಗೆ 55 ಲಕ್ಷ. ಉಕ್ಕಿಗೆ ಒಂದು ಮಿತಿಯ ಕೆಳಗಿನ ಬಾಗುವಿಕೆ ಎಷ್ಟು ಸಲವಾದರೂ ತೊಂದರೆಯಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಬರಿಗಣ್ಣಿಗೆ ಕಾಣದ ಬಿರುಕು ನಿಧಾನವಾಗಿ ಬೆಳೆಯುತ್ತಾ ಹೋಗಿ ಒಂದು ದಿನ ಚಕ್ರವೇ ಮುರಿಯುತ್ತದೆ. ಆದ್ದರಿಂದಲೇ ತಿರುಗುತ್ತಾ ಬಾಗುವ ಪರೀಕ್ಷೆ, ಹೊಡೆತದ ಪರೀಕ್ಷೆಗಳನ್ನು ದಾಟಿದ ಚಕ್ರಗಳ ಮೇಲೆ ಜಪಾನಿನಲ್ಲಿ ಜೆಡಬ್ಲ್ಯೂಎಲ್ ಎಂಬ ಗುರುತು ಇರುತ್ತದೆ. ಚಕ್ರ ಕೊಳ್ಳುವವರು ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಇಂಥ ಗುರುತನ್ನು.

ಚಕ್ರವನ್ನು ಹಿಡಿದಿರುವುದು ಯಾವುದು?

ನಟ್ಟು ಬೋಲ್ಟು ಎಂಬ ಉತ್ತರ ಅರ್ಧ ಸರಿ. ಚಕ್ರದ ತೂಕ, ಬ್ರೇಕಿನ ಬಲ ಇವೆಲ್ಲ ಬೋಲ್ಟುಗಳನ್ನು ಕತ್ತರಿಸುವ ಹಾಗೆ ಎಳೆಯುತ್ತವೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಬೋಲ್ಟು ಮಾಡುವ ಕೆಲಸ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಜಾರದಂತೆ ತಡೆಯುವುದು ಆ ಎರಡು ಮುಖಗಳ ನಡುವಿನ ಘರ್ಷಣೆ.

ಎಂಎಕ್ಸ್-5ರಲ್ಲಿ 12 ಮಿಮೀ ವ್ಯಾಸದ ನಾಲ್ಕು ಬೋಲ್ಟುಗಳಿವೆ. ಅವು 100 ಮಿಮೀ ವ್ಯಾಸದ ವೃತ್ತದ ಮೇಲೆ ಕೂತಿವೆ. ನಟ್ಟನ್ನು 100 ನ್ಯೂಟನ್-ಮೀಟರ್ ತಿರುಚು ಬಲದಿಂದ ಬಿಗಿದರೆ ಬೋಲ್ಟಿನ ಎಳೆತ ಎಷ್ಟು? ಒಣ ತಿರುಪಿಗೆ ಎಂಜಿನಿಯರುಗಳು ಬಳಸುವ ಸರಳ ಸೂತ್ರವಿದೆ: ತಿರುಚು ಬಲವನ್ನು ವ್ಯಾಸದಿಂದಲೂ 0.2 ಎಂಬ ಅಂಕದಿಂದಲೂ ಭಾಗಿಸಿ. ಸಿಗುವುದು ಸುಮಾರು 42,000 ನ್ಯೂಟನ್. ನಾಲ್ಕು ಬೋಲ್ಟುಗಳಿಂದ 1,67,000 ನ್ಯೂಟನ್, ಅಂದರೆ 17 ಟನ್ ಭಾರ ಇಟ್ಟು ಒತ್ತಿದಂತೆ! ಎಚ್ಚರಿಕೆಗಾಗಿ ಘರ್ಷಣಾಂಕ 0.15 ಮಾತ್ರ ಎಂದು ಹಿಡಿದರೆ ಜಾರುವಿಕೆಯನ್ನು ತಡೆಯಬಲ್ಲ ಬಲ 25,000 ನ್ಯೂಟನ್.

ಬೇಕಾದದ್ದೆಷ್ಟು? ಗುರುತ್ವದ 0.9 ಪಾಲು ವೇಗಾಪಕರ್ಷದಲ್ಲಿ ಗಟ್ಟಿಯಾಗಿ ಬ್ರೇಕು ಹಾಕಿದಾಗ ಶೇಕಡ 70ರಷ್ಟು ಕೆಲಸ ಮುಂದಿನ ಚಕ್ರಗಳದ್ದು ಎಂದುಕೊಳ್ಳಿ. ಒಂದು ಚಕ್ರಕ್ಕೆ 3,150 ನ್ಯೂಟನ್. ಇದು 28.9 ಸೆಂಮೀ ದೂರದಲ್ಲಿ ವರ್ತಿಸಿ 910 ನ್ಯೂಟನ್-ಮೀಟರ್ ತಿರುಚು ಬಲವನ್ನುಂಟುಮಾಡುತ್ತದೆ. ಬೋಲ್ಟುಗಳು ಇರುವುದು ಕೇಂದ್ರದಿಂದ 5 ಸೆಂಮೀ ದೂರದಲ್ಲಿ. ಅಲ್ಲಿ ಬೇಕಾದ ಬಲ 18,200 ನ್ಯೂಟನ್. ಇರುವುದು 25,000, ಆದ್ದರಿಂದ ಕ್ಷೇಮ. ಆದರೆ ಅಂದಾಜಿನ ಮೇಲೆ 60 ನ್ಯೂಟನ್-ಮೀಟರಿಗೆ ಬಿಗಿದಿದ್ದರೆ? ತಡೆಯುವ ಬಲ 15,000ಕ್ಕೆ ಇಳಿಯುತ್ತದೆ. ಚಕ್ರ ಹಬ್ಬಿನ ಮೇಲೆ ಕೂದಲೆಳೆಯಷ್ಟು ಜಾರುತ್ತದೆ, ಮತ್ತೆ ಹಿಂದಕ್ಕೆ ಜಾರುತ್ತದೆ. ಈಗ ಬೋಲ್ಟುಗಳು ನಿಜವಾಗಿಯೂ ಕತ್ತರಿಯಲ್ಲಿ ಸಿಕ್ಕಿಕೊಂಡವು. ಕೆಲವು ನೂರು ಕಿಲೋಮೀಟರಿನಲ್ಲಿ ನಟ್ಟು ತಾನಾಗಿಯೇ ಸಡಿಲವಾಗುವುದೂ ಬೋಲ್ಟು ಮುರಿಯುವುದೂ ಹೀಗೆಯೇ.

ಹೊಸ ಚಕ್ರದ ಒಳಮುಖದ ಮೇಲೆ ದಪ್ಪ ಬಣ್ಣವಿದ್ದರೆ ಅದು ಒತ್ತಡಕ್ಕೆ ತೆಳುವಾಗುತ್ತಾ ಹೋಗಿ ಬೋಲ್ಟಿನ ಎಳೆತ ಕಡಿಮೆಯಾಗುತ್ತದೆ. ಆದ್ದರಿಂದ ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಬಿಗಿತವನ್ನು ಅಳೆಯಬೇಕು. ‘ಸಲೀಸಾಗಿ ತಿರುಗಲಿ’ ಎಂದು ತಿರುಪಿಗೆ ಎಣ್ಣೆ ಹಚ್ಚುವುದೂ ಅಪಾಯವೇ. ಬಿಗಿಯುವ ಶ್ರಮದ ಸುಮಾರು ಹತ್ತರಲ್ಲೊಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಎಣ್ಣೆ ಹಚ್ಚಿದರೆ ಸೂತ್ರದ 0.2 ಎಂಬುದು 0.15 ಆಗಬಹುದು, ಅದೇ 100 ನ್ಯೂಟನ್-ಮೀಟರಿಗೆ ಎಳೆತ ಮೂರನೆಯ ಒಂದು ಪಾಲು ಹೆಚ್ಚಿ ಬೋಲ್ಟು ಶಾಶ್ವತವಾಗಿ ಹಿಗ್ಗಿಹೋಗಬಹುದು.

ಚಕ್ರವನ್ನು ಹೊರಕ್ಕೆ ಚಾಚಿದಂತೆ ಕಾಣಿಸಲು ಆಫ್‌ಸೆಟ್ ಬದಲಿಸುವವರಿದ್ದಾರೆ. ಮೂಲದ 45 ಮಿಮೀ ಬದಲು 25 ಮಿಮೀ ಆಫ್‌ಸೆಟ್ಟಿನ ಚಕ್ರ ಹಾಕಿದರೆ ಟೈರಿನ ನಡುಗೆರೆ 20 ಮಿಮೀ ಹೊರಕ್ಕೆ ಹೋಗುತ್ತದೆ. ಬ್ರೇಕು ಹಾಕಿದಾಗ ಒಂದು ಚಕ್ರಕ್ಕೆ ಒಣ ರಸ್ತೆ, ಇನ್ನೊಂದಕ್ಕೆ ಒದ್ದೆ ಮರಳು ಸಿಕ್ಕಿದರೆ 2,500 ನ್ಯೂಟನ್ನಿನ ವ್ಯತ್ಯಾಸ ಈ 20 ಮಿಮೀ ತೋಳಿನಿಂದ 50 ನ್ಯೂಟನ್-ಮೀಟರ್ ಹೆಚ್ಚುವರಿ ತಿರುಚು ಬಲವಾಗಿ ಸ್ಟೀರಿಂಗನ್ನು ಎಳೆಯುತ್ತದೆ. ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ.

ಮೂರು ಕೋನಗಳು

ಚಕ್ರಗಳ ಜೋಡಣೆ ಎಂದರೆ ಮುಖ್ಯವಾಗಿ ಮೂರು ಕೋನಗಳನ್ನು ಸರಿಪಡಿಸುವುದು: ಕೇಂಬರ್, ಕ್ಯಾಸ್ಟರ್, ಟೋ. ಕಾರನ್ನು ಎದುರಿನಿಂದ ನೋಡಿದಾಗ ಚಕ್ರ ಲಂಬದಿಂದ ಎಷ್ಟು ವಾಲಿದೆ ಎಂಬುದು ಕೇಂಬರ್. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಕೊನೆಯದನ್ನು ನೀವು ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ದಿನವೂ ಕಾಣುತ್ತೀರಿ. ಒರಗಿದ ಅಕ್ಷ ನೆಲವನ್ನು ಮುಟ್ಟುವ ಬಿಂದು ಮುಂದೆ, ಟೈರು ನೆಲ ಮುಟ್ಟುವ ಜಾಗ ಹಿಂದೆ. ಹಾಗಾಗಿ ಚಕ್ರ ಬಾಲದಂತೆ ಹಿಂಬಾಲಿಸುತ್ತಾ ತಾನೇ ನೇರವಾಗುತ್ತದೆ.

ಕೇಂಬರ್ ಏಕೆ ಬೇಕೆಂದು ತಿಳಿಯಲು ತಿರುವಿನಲ್ಲಿ ಭಾರ ಹೇಗೆ ಸರಿಯುತ್ತದೆ ನೋಡೋಣ. ಗುರುತ್ವ ಕೇಂದ್ರ ನೆಲದಿಂದ 46 ಸೆಂಮೀ ಎತ್ತರದಲ್ಲಿ, ಎಡ ಬಲ ಚಕ್ರಗಳ ಅಂತರ 142 ಸೆಂಮೀ ಎಂದುಕೊಳ್ಳಿ. ಗುರುತ್ವದ 0.9 ಪಾಲು ಪಾರ್ಶ್ವ ವೇಗೋತ್ಕರ್ಷದಲ್ಲಿ ತಿರುಗುವಾಗ ಒಳಬದಿಯಿಂದ ಹೊರಬದಿಗೆ 2,900 ನ್ಯೂಟನ್ ಭಾರ ವರ್ಗವಾಗುತ್ತದೆ. ತಲಾ 5,000 ಇದ್ದದ್ದು ಹೊರಗೆ 7,900, ಒಳಗೆ 2,100 ಆಯಿತು. ಹೊರಗಿನ ಎರಡು ಟೈರುಗಳೇ ಕಾರನ್ನು ತಿರುಗಿಸುತ್ತಿವೆ ಎಂದರೂ ತಪ್ಪಲ್ಲ. ಇದೇ ಹೊತ್ತಿಗೆ ಕಾರಿನ ಮೈ ಹೊರಕ್ಕೆ ವಾಲಿ, ಆ ಟೈರುಗಳನ್ನೂ ತನ್ನೊಂದಿಗೆ ವಾಲಿಸಲು ನೋಡುತ್ತದೆ. ಮೊದಲೇ ಚಕ್ರದ ತಲೆಯನ್ನು ಒಂದೆರಡು ಡಿಗ್ರಿ ಒಳಕ್ಕೆ ವಾಲಿಸಿಟ್ಟರೆ, ಅಂದರೆ ಋಣ ಕೇಂಬರ್ ಕೊಟ್ಟರೆ, ತಿರುವಿನಲ್ಲಿ ಅದು ನೆಟ್ಟಗಾಗಿ ಅಂಗೈ ಪೂರ್ತಿ ನೆಲಕ್ಕೆ ಕೂರುತ್ತದೆ. ರೇಸ್ ಪಥದಲ್ಲಿ ಇದು ಲಾಭ. ನೇರ ರಸ್ತೆಯಲ್ಲೇ ದಿನ ಕಳೆಯುವ ಕಾರಿಗೆ ಇದೇ ನಷ್ಟ. ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಬ್ರೇಕು ಹಾಕಿದಾಗ ಅರ್ಧ ಅಂಗೈ ಮಾತ್ರ ಕೆಲಸ ಮಾಡುತ್ತದೆ.

ಪಠ್ಯಪುಸ್ತಕದ ಘರ್ಷಣೆಯ ನಿಯಮದಂತೆ ಘರ್ಷಣಾಂಕ ಭಾರವನ್ನು ಅವಲಂಬಿಸುವುದಿಲ್ಲ ತಾನೆ? ಹಾಗಿದ್ದರೆ ಭಾರ ಅತ್ತಿತ್ತ ಸರಿದರೆ ನಷ್ಟವೇನು ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ರಬ್ಬರು ಆ ನಿಯಮವನ್ನು ಪಾಲಿಸುವುದಿಲ್ಲ. ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ಇಳಿಯುತ್ತದೆ. ಹೊರ ಚಕ್ರ ಗಳಿಸುವ ಹಿಡಿತ ಒಳ ಚಕ್ರ ಕಳೆದುಕೊಳ್ಳುವುದಕ್ಕಿಂತ ಕಡಿಮೆ. ಕಾರನ್ನು ತಗ್ಗಿಸುವುದು, ಚಕ್ರಗಳ ಅಂತರ ಹೆಚ್ಚಿಸುವುದು ಇವುಗಳ ಹಿಂದಿನ ತರ್ಕ ಇಷ್ಟೇ.

ಟೋ ಅತ್ಯಂತ ಸೂಕ್ಷ್ಮ ಕೋನ. ಚಕ್ರ ಅರ್ಧ ಡಿಗ್ರಿ ಒಳಮುಖವಾಗಿದ್ದರೆ ಕಿಲೋಮೀಟರಿಗೆ 8.7 ಮೀಟರ್ ದೂರ ಅದು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಟೈರನ್ನು ಗರಗಸಕ್ಕೆ ಹಿಡಿದಂತೆ! ಮುಂದಿನ ಚಕ್ರಗಳು ತುಸು ಹೊರಮುಖವಾಗಿದ್ದರೆ ಕಾರು ತಿರುವಿಗೆ ಬೇಗ ಇಳಿಯುತ್ತದೆಂದು ರೇಸುಗಾರರು ಮೆಚ್ಚುತ್ತಾರೆ, ಹೆದ್ದಾರಿಯಲ್ಲಿ ಅದೇ ಕಾರು ಅತ್ತಿತ್ತ ಅಲೆಯುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಹೊರಮುಖ ಕೂಡದು. ತಿರುವಿನಲ್ಲಿ ಭಾರವೆಲ್ಲ ಹೊತ್ತ ಹೊರ ಚಕ್ರ ಹಿಂಭಾಗವನ್ನು ಹೊರಕ್ಕೇ ಎಳೆದೊಯ್ದು ಕಾರು ಗಿರಕಿ ಹೊಡೆಯುತ್ತದೆ.

ಇವನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ಎರಡೂ ಪಕ್ಕದಲ್ಲಿ ಹಬ್ಬಿನ ಎತ್ತರಕ್ಕೆ ಪರಸ್ಪರ ಸಮಾಂತರವಾಗಿ ದಾರ ಕಟ್ಟಿ. ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚುಗಳಿಂದ ದಾರಕ್ಕಿರುವ ದೂರವನ್ನು ಉಕ್ಕಿನ ಅಳತೆಪಟ್ಟಿಯಿಂದ ನೋಡಿ. 14 ಅಂಗುಲದ ರಿಮ್ಮಿನಲ್ಲಿ 1 ಮಿಮೀ ವ್ಯತ್ಯಾಸ ಎಂದರೆ 0.16 ಡಿಗ್ರಿ. ಕೇಂಬರಿಗೆ ತೂಗುಗುಂಡು ಸಾಕು: ರಿಮ್ಮಿನ ಮೇಲಂಚು ಕೆಳಂಚಿಗಿಂತ 9.3 ಮಿಮೀ ಒಳಗಿದ್ದರೆ ಒಂದೂವರೆ ಡಿಗ್ರಿ. ಚಾಲಕನ ತೂಕವನ್ನು ಆಸನದಲ್ಲಿ ಇಟ್ಟೇ ಅಳೆಯಬೇಕು. ಕೇಂಬರ್, ಕ್ಯಾಸ್ಟರ್‌ಗಳನ್ನು ಮೊದಲು, ಟೋವನ್ನು ಕೊನೆಗೆ ಸರಿಪಡಿಸಬೇಕು, ಏಕೆಂದರೆ ಮೊದಲೆರಡನ್ನು ಮುಟ್ಟಿದರೆ ಮೂರನೆಯದು ತಾನಾಗಿ ಕೆಡುತ್ತದೆ. ಎಂಎಕ್ಸ್-5ರಲ್ಲಿ ಉತ್ಕೇಂದ್ರ ಬೋಲ್ಟುಗಳನ್ನು ತಿರುಗಿಸಿ ಈ ಕೋನಗಳನ್ನು ಹೊಂದಿಸಲು ಕಾರ್ಖಾನೆಯವರೇ ಅವಕಾಶ ಇಟ್ಟಿದ್ದಾರೆ.

ನಮ್ಮ ದೇಶದಲ್ಲಿ ರಸ್ತೆಗೆ ತರುವ ಕಾರಿನ ಬಗ್ಗೆ ಒಂದು ಮಾತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ರೇಸ್ ಪಥಕ್ಕೆಂದೇ ಮೀಸಲಾದ ಕಾರಿನ ಮಾತು ಬೇರೆ.

ಬಾನೆಟ್ಟನ್ನು ಗಾಳಿ ಎತ್ತುವ ಬಗೆ

ಓಡುವ ಕಾರಿನ ಮೂತಿಗೆ ಬಡಿದ ಗಾಳಿ ಮೇಲಕ್ಕೆ ಬಾಗಿ ಬಾನೆಟ್ಟಿನ ಮುಂಭಾಗದ ಮೇಲೆ ವೇಗವಾಗಿ ಹರಿಯುತ್ತದೆ. ಅಲ್ಲಿ ಒತ್ತಡ ಕಡಿಮೆ. ಬಾನೆಟ್ಟಿನ ಕೆಳಗೆ ರೇಡಿಯೇಟರಿನ ಮೂಲಕ ನುಗ್ಗಿದ ಗಾಳಿಯಿಂದ ಒತ್ತಡ ಹೆಚ್ಚು. ಒಟ್ಟು ಪರಿಣಾಮ, ಬಾನೆಟ್ಟು ಮೇಲಕ್ಕೇಳಲು ನೋಡುತ್ತದೆ. ಗಂಟೆಗೆ 100 ಕಿಮೀ ವೇಗದಲ್ಲಿ ಗಾಳಿಯ ಚಲನ ಒತ್ತಡ, ಅಂದರೆ ಸಾಂದ್ರತೆ ಮತ್ತು ವೇಗದ ವರ್ಗಗಳ ಗುಣಲಬ್ಧದ ಅರ್ಧ, 463 ಪ್ಯಾಸ್ಕಲ್. 160 ಕಿಮೀ ವೇಗದಲ್ಲಿ 1,185. ಬಾನೆಟ್ಟಿನ ವಿಸ್ತೀರ್ಣ 1.2 ಚದರ ಮೀಟರ್, ಒಳಹೊರಗಿನ ಒತ್ತಡಗಳ ಸರಾಸರಿ ವ್ಯತ್ಯಾಸ ಚಲನ ಒತ್ತಡದ 0.3 ಪಾಲು ಎಂದು ಇಟ್ಟುಕೊಂಡರೆ ಎತ್ತುವ ಬಲ ಕ್ರಮವಾಗಿ 167 ಮತ್ತು 427 ನ್ಯೂಟನ್. ಎಂಟು ಕೆಜಿಯ ಅಲ್ಯೂಮಿನಿಯಮ್ ಬಾನೆಟ್ಟಿನ ಭಾರ 78 ನ್ಯೂಟನ್ ಮಾತ್ರ. 100 ಕಿಮೀ ವೇಗದಲ್ಲೇ ಅದು ತನ್ನ ತೂಕದಿಂದ ಕೂತಿಲ್ಲ, ಕೊಂಡಿಯ ಬಲದಿಂದ ಕೂತಿದೆ.

ಕೊಂಡಿ ಬಿಟ್ಟು ಮುಂದಿನ ಅಂಚು ನಾಲ್ಕು ಬೆರಳು ಎದ್ದರೆ ಪರಿಸ್ಥಿತಿ ಒಮ್ಮೆಲೇ ಬದಲಾಗುತ್ತದೆ. ಗಾಳಿ ನೇರ ಒಳನುಗ್ಗಿ ನಿಂತುಬಿಡುತ್ತದೆ. ಈಗ ಒಳಗಿನಿಂದ ಒತ್ತುವುದು 0.3 ಪಾಲಲ್ಲ, ಹೆಚ್ಚುಕಡಿಮೆ ಪೂರ್ತಿ ಚಲನ ಒತ್ತಡ: 550 ನ್ಯೂಟನ್, ತೂಕದ ಏಳು ಪಟ್ಟು. ಹಿಂದಿನ ಕೀಲುಗಳ ಸುತ್ತ ಬಾನೆಟ್ಟು ತಿರುಗಿ ಮುಂದಿನ ಗಾಜಿಗೆ ಅಪ್ಪಳಿಸುತ್ತದೆ. ಇದು ನಿಧಾನವಾಗಿ ಆಗುವುದಿಲ್ಲ, ಚಾಲಕನಿಗೆ ಒಂದು ಕ್ಷಣದಲ್ಲಿ ರಸ್ತೆ ಕಾಣದಾಗುತ್ತದೆ. ಮುಂದಿನಿಂದ ತೆರೆಯುವ ಬಾನೆಟ್ಟಿಗೆ ಎರಡನೆಯ ಕೊಂಡಿ ಕಡ್ಡಾಯವೆಂದು ಅಮೆರಿಕದ ಫೆಡರಲ್ ಸುರಕ್ಷತಾ ಮಾನದಂಡ 113 ಹೇಳುವುದು ಇದಕ್ಕಾಗಿಯೇ. ಹಳೆಯ ಸಾಬ್ 900, ಜಾಗ್ವಾರ್ ಇ-ಟೈಪ್ ಕಾರುಗಳಲ್ಲಿ ಕೀಲುಗಳನ್ನೇ ಮುಂದಕ್ಕೆ ಇಟ್ಟಿದ್ದರು. ಅಲ್ಲಿ ಕೊಂಡಿ ಕಳಚಿದರೂ ಎದುರು ಗಾಳಿ ಬಾನೆಟ್ಟನ್ನು ಅದರ ಜಾಗಕ್ಕೇ ಒತ್ತುತ್ತದೆ.

ರೇಸಿನಲ್ಲಿ ಕಾರ್ಖಾನೆಯ ಕೊಂಡಿಯನ್ನು ನಂಬುವುದಿಲ್ಲ. ಬಾನೆಟ್ಟಿಗೆ ಕನಿಷ್ಠ ಎರಡು ಹೆಚ್ಚುವರಿ ಬಿಗಿತಗಳಿರಬೇಕು, ಮೂಲ ಕೊಂಡಿಯನ್ನು ನಿಷ್ಕ್ರಿಯಗೊಳಿಸಬೇಕು ಎಂಬುದು ಎಫ್‌ಐಎ ನಿಯಮ. ಬೆಂಕಿ ಹತ್ತಿದಾಗ ಒಳಗಿನ ಸನ್ನೆ ಎಳೆಯದೆ ಹೊರಗಿನಿಂದಲೇ ತೆರೆಯುವಂತಿರಬೇಕಷ್ಟೆ. ಇದಕ್ಕೆ ಬಳಸುವುದು ಬಾನೆಟ್ಟಿನ ತೂತಿನಿಂದ ಹೊರಬರುವ ಕಡ್ಡಿ, ಅದಕ್ಕೆ ಅಡ್ಡವಾಗಿ ಸಿಕ್ಕಿಸುವ ಕ್ಲಿಪ್. ಇನ್ನೊಂದು ಬಗೆ, ಕಾಲು ಸುತ್ತಿಗೆ ಬಿಗಿಯುವ ಗುಂಡಿ. ಇದನ್ನು ವಿಲಿಯಂ ಜೂಸ್ ಎಂಬಾತ 1930ರ ದಶಕದಲ್ಲಿ ರೂಪಿಸಿದ, ವಿಮಾನದ ಎಂಜಿನ್ ಹೊದಿಕೆಗಳಲ್ಲಿ ಇದು ಬಹಳ ಬಳಕೆಯಾಯಿತು.

ಮೇಲಿನ ಲೆಕ್ಕವನ್ನು ಮತ್ತೆ ನೋಡಿ. 160 ಕಿಮೀ ವೇಗದಲ್ಲೂ ತೂಕ ಕಳೆದು ಉಳಿದದ್ದು 350 ನ್ಯೂಟನ್, ಅದರಲ್ಲಿ ಹಿಂದಿನ ಕೀಲುಗಳೂ ಪಾಲು ಹೊರುತ್ತವೆ. ಒಂದೊಂದು ಕಡ್ಡಿಗೆ ಹತ್ತು ಕೆಜಿ ಭಾರದಷ್ಟೂ ಬರದಿರಬಹುದು. ಪೆನ್ಸಿಲ್ ದಪ್ಪದ ಉಕ್ಕಿನ ಕಡ್ಡಿಗೆ ಇದು ಏನೇನೂ ಅಲ್ಲ. ಆದರೂ ಬಾನೆಟ್ಟುಗಳು ಹಾರುತ್ತವೆ. ಏಕೆಂದರೆ ಸೋಲುವುದು ಕಡ್ಡಿಯಲ್ಲ, ತೂತಿನ ಸುತ್ತಲಿನ ತೆಳು ತಗಡು ಅಥವಾ ಗಾಜಿನ ನಾರಿನ ಹಾಳೆ. ಗಾಳಿಯ ಸುಳಿಗಳಿಂದ ಬಾನೆಟ್ಟು ಸತತ ಅದುರುತ್ತದೆ. ಕ್ಲಿಪ್ ತಗಲುವ ಅಂಚಿನಲ್ಲಿ ಬಲ ಕೆಲವೇ ಚದರ ಮಿಲಿಮೀಟರಿಗೆ ಕೇಂದ್ರೀಕರಿಸಿ ತೂತು ಅಗಲವಾಗುತ್ತಾ ಹೋಗುತ್ತದೆ. ಐದು ಸೆಂಟಿಮೀಟರ್ ವ್ಯಾಸದ ಲೋಹದ ತಟ್ಟೆಯನ್ನು ಮೇಲೂ ಕೆಳಗೂ ಇಟ್ಟು ಒತ್ತಡವನ್ನು ಹಂಚುವುದು ಪರಿಹಾರ. ಕಡ್ಡಿಯ ಎತ್ತರವನ್ನು ಕ್ಲಿಪ್ ಬಿಗಿಯಾಗಿ ಕೂರುವಷ್ಟಕ್ಕೆ ಹೊಂದಿಸಿ ಅಲುಗಾಟಕ್ಕೆ ಎಡೆಗೊಡದಿರಬೇಕು. ರಸ್ತೆಯ ಕಾರಾದರೆ ಮೂಲ ಕೊಂಡಿಯನ್ನು ಕಿತ್ತೆಸೆಯಲೇಬಾರದು. ಮೇಲಕ್ಕೆ ಚಾಚಿದ ಕಡ್ಡಿಗಳು ಅಪಘಾತದಲ್ಲಿ ಪಾದಚಾರಿಯ ತಲೆಗೆ ಏನು ಮಾಡಬಲ್ಲವೆಂದು ಯೋಚಿಸಿದರೆ ರಸ್ತೆಯ ಕಾರಿಗೆ ಅವು ಬೇಡವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಜನಪ್ರಿಯ ತಂತ್ರವಿದೆ. ಬಾನೆಟ್ಟಿನ ಹಿಂದಿನ ಕೀಲುಗಳ ಕೆಳಗೆ ವಾಷರುಗಳನ್ನಿಟ್ಟು ಹಿಂದಂಚನ್ನು ತುಸು ಎತ್ತಿ ‘ಬಿಸಿ ಗಾಳಿ ಹೊರಹೋಗಲಿ’ ಎನ್ನುತ್ತಾರೆ. ಆದರೆ ಮುಂದಿನ ಗಾಜಿನ ಬುಡದಲ್ಲಿ ಗಾಳಿ ತಡೆದು ನಿಲ್ಲುವುದರಿಂದ ಒತ್ತಡ ಅಲ್ಲಿ ಹೆಚ್ಚು. ಕಾರು ಓಡುವಾಗ ಅಲ್ಲಿಂದ ಗಾಳಿ ಒಳಕ್ಕೆ ನುಗ್ಗಬಹುದೇ ಹೊರತು ಹೊರಕ್ಕೆ ಬರುವುದು ಕಷ್ಟ. 1970ರ ಷೆವ್ರೊಲೆ ಷೆವೆಲ್ ಕಾರಿನಲ್ಲಿ ಎಂಜಿನ್ನಿಗೆ ಗಾಳಿಯನ್ನು ಒಳಗೆಳೆದುಕೊಳ್ಳಲು ಇದೇ ಜಾಗವನ್ನು ಆರಿಸಿದ್ದರು. ಬಿಸಿ ಗಾಳಿ ಹೊರಹೋಗಬೇಕಾದರೆ ಕಿಂಡಿ ಒತ್ತಡ ಕಡಿಮೆಯಿರುವ ಮುಂಭಾಗದಲ್ಲಿ, ರೇಡಿಯೇಟರಿನ ಬೆನ್ನಿಗಿರಬೇಕು.

ಇದನ್ನು ನಂಬಬೇಕಿಲ್ಲ, ಅಳೆಯಬಹುದು. ಪ್ರಯೋಗಶಾಲೆಯ ಯು-ನಳಿಕೆಯಲ್ಲಿ ಬಣ್ಣದ ನೀರು ತುಂಬಿ, ಒಂದು ತುದಿಗೆ ತೆಳುವಾದ ರಬ್ಬರು ಕೊಳವೆ ಜೋಡಿಸಿ. ಕೊಳವೆಯ ಬಾಯಿಯನ್ನು ಗಾಳಿಯ ಹರಿವಿಗೆ ಅಡ್ಡವಾಗಿ, ಬಾನೆಟ್ಟಿನ ಮೇಲ್ಮೈಗೆ ಸಮವಾಗಿರುವಂತೆ ಅಂಟಿಸಿ. ಇನ್ನೊಂದು ತುದಿ ಕಾರಿನೊಳಗೆ ತೆರೆದಿರಲಿ, ಕಿಟಕಿಗಳನ್ನು ಮುಚ್ಚಿ. ಗಂಟೆಗೆ 60 ಕಿಮೀ ವೇಗದಲ್ಲಿ ಚಲನ ಒತ್ತಡ 17 ಮಿಮೀ ನೀರಿನ ಎತ್ತರಕ್ಕೆ ಸಮ, ಆದ್ದರಿಂದ ನೀವು ನೋಡಬೇಕಾದದ್ದು ಕೆಲವು ಮಿಲಿಮೀಟರುಗಳ ಏರಿಳಿತ. ಖಾಲಿ ರಸ್ತೆಯಲ್ಲಿ ಒಬ್ಬರು ಕಾರು ಓಡಿಸಲಿ, ಪಕ್ಕದಲ್ಲಿ ಕೂತವರು ಅಂಕಿ ಬರೆದುಕೊಳ್ಳಲಿ. ಕೊಳವೆಯ ಬಾಯಿಯನ್ನು ಪ್ರತಿ ಸಲ ಒಂದು ಗೇಣು ಹಿಂದಕ್ಕೆ ಸರಿಸುತ್ತಾ ಹೋದರೆ ಒತ್ತಡ ಎಲ್ಲಿ ಋಣದಿಂದ ಧನಕ್ಕೆ ತಿರುಗುತ್ತದೆಂಬುದು ನಾಲ್ಕೈದು ಓಟಗಳಲ್ಲೇ ಕಾಗದದ ಮೇಲೆ ಮೂಡುತ್ತದೆ.